ಮೊದಲು ಬರೆದ ಹಂತ

ಜನರ ಕತ್ತಿನ ಬುಡವನ್ನು ದಿಟ್ಟಿಸುವ ಚಟವೊಂದು ತನಗೆ ಅಂಟಿಕೊಂಡಿದೆ ಎಂಬುದನ್ನು ಅವಳು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಡೈರಿಗೂ ಹೇಳಿರಲಿಲ್ಲ. ಎಡಗಡೆ ಕೊರಳೆಲುಬಿನ ಮೇಲೆ ಒಂದು ಸಣ್ಣ ಗುಳಿ ಇರುತ್ತದಲ್ಲ, ಅವಳ ಕಣ್ಣು ಅಲ್ಲಿಗೇ ಹೋಗಿ ಕೂರುತ್ತಿತ್ತು. ಹೊಟ್ಟೆಯದೋ ಎದೆಯದೋ ಕ್ಯಾನ್ಸರು ದೂರಕ್ಕೆ ಹೊರಟಾಗ ಒಮ್ಮೊಮ್ಮೆ ಆ ಗುಳಿಯಲ್ಲಿ ಬಟಾಣಿ ಕಾಳಿನಷ್ಟು ಗಂಟಾಗಿ ತಲೆಯೆತ್ತುತ್ತದೆ ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಓದಿದ್ದು, ಓದಿದ್ದಷ್ಟೇ ಆಗಿ ಉಳಿಯಲಿಲ್ಲ. ಈ ದಿನ ಬೆಳಿಗ್ಗೆ ಬಸ್ಸಿನಲ್ಲಿ ಎದುರು ಸೀಟಿನ ಗಂಡಸು ಮೇಲಿನ ಗುಂಡಿ ಹಾಕದೆ ಕೂತಿದ್ದ. ಅವಳು ನೋಡಿದಳು. ಅವಳು ನೋಡಿದ್ದನ್ನು ಅವನು ನೋಡಿ, ಮೊದಲು ಗಾಬರಿಯಿಂದ ಗುಂಡಿ ಹಾಕಿಕೊಂಡ. ಆಮೇಲೆ ಏನೋ ಹೊಳೆದವನಂತೆ ಮತ್ತೆ ಬಿಚ್ಚಿ, ಮೀಸೆಯಡಿಯಲ್ಲೇ ನಕ್ಕ. ಅವಳ ಕಿವಿಯೆಲ್ಲ ಬಿಸಿಯಾಗಿ, ಎರಡು ಸ್ಟಾಪು ಮೊದಲೇ ಇಳಿದುಬಿಟ್ಟಳು. ಪಾದಚಾರಿ ದಾರಿಯ ಕಿತ್ತ ಕಲ್ಲುಗಳನ್ನು ದಾಟಿಕೊಂಡು ನಡೆಯುತ್ತ, ಆ ಗಂಡಸು ಈ ಹೊತ್ತಿಗೆ ತನ್ನ ಬಗ್ಗೆ ಏನೆಂದುಕೊಂಡಿರಬಹುದೆಂದು ಯೋಚಿಸಿದಳು. ಆದರೆ ಒಳಗೆ ಚುಚ್ಚುತ್ತಿದ್ದುದು ನಾಚಿಕೆಯಲ್ಲ, ಅದಕ್ಕಿಂತ ಕೀಳಾದದ್ದು. ಊರಿನವರ ಕತ್ತನ್ನೆಲ್ಲ ಜಾಲಾಡುವ ತಾನು ಮೂರು ತಿಂಗಳಿಂದ ಅಮ್ಮನ ಕತ್ತಿನ ಕಡೆಗೆ ಮಾತ್ರ ಕಣ್ಣೆತ್ತಿಲ್ಲ. ಅಮ್ಮ ತಲೆ ಬಾಚಿಕೊಳ್ಳುವಾಗ ಕಿಟಕಿಯಾಚೆ ನೋಡುತ್ತಾಳೆ. ಅಮ್ಮ ಬಗ್ಗಿ ತಟ್ಟೆ ಇಡುವಾಗ ತಟ್ಟೆಯನ್ನು ನೋಡುತ್ತಾಳೆ.

ಅವಳ ವಿಭಾಗ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಾಸಿಗೆ ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ. ಗೋಡೆಯಾಚೆ ದೊಡ್ಡ ದೊಡ್ಡ ಯಂತ್ರಗಳು ದಿನವಿಡೀ ಗುಡುಗುಡು ಎನ್ನುತ್ತಿದ್ದವು. ಮೇಜಿನ ಮೇಲಿನ ಲೋಟದ ನೀರಿನಲ್ಲಿ ಉಂಗುರಗಳು ಏಳುತ್ತಿದ್ದವು. ಬಾಗಿಲ ಮೇಲೆ ‘ಕ್ಯಾನ್ಸರ್ ನೋಂದಣಿ’ ಎಂಬ ಫಲಕ. ದಾರಿ ತಪ್ಪಿ ಬಂದ ರೋಗಿಗಳು ಅದನ್ನು ಓದಿ, ಇಲ್ಲಿಯೂ ಹೆಸರು ಬರೆಸಬೇಕೇನೋ ಎಂದು ಚೀಟಿ ಹಿಡಿದು ನಿಲ್ಲುತ್ತಿದ್ದರು. ಬರೆಸಬೇಕಾಗಿಲ್ಲ, ಆಗಲೇ ಬರೆದಾಗಿದೆ ಎಂದು ಹೇಳುವ ಬಾಯಿ ಅವಳಿಗಿರಲಿಲ್ಲ. ಕೈ ತೋರಿಸಿ ಮೇಲಕ್ಕೆ ಕಳಿಸುತ್ತಿದ್ದಳು. ಒಂದೊಂದು ಫೈಲನ್ನೂ ಬಿಡಿಸಿ ಮೂರು ಪ್ರಶ್ನೆಗೆ ಉತ್ತರ ಹುಡುಕುವುದು ಅವಳ ಕೆಲಸ. ಗೆಡ್ಡೆ ಎಷ್ಟು ದೊಡ್ಡದು, ಅದಕ್ಕೆ ಟಿ. ಪಕ್ಕದ ದುಗ್ಧರಸ ಗ್ರಂಥಿಗಳಲ್ಲಿ ಎಷ್ಟಕ್ಕೆ ಹತ್ತಿಕೊಂಡಿದೆ, ಅದಕ್ಕೆ ಎನ್. ದೂರದ ಅಂಗಕ್ಕೆ ಹಾರಿದೆಯೋ ಇಲ್ಲವೋ, ಅದಕ್ಕೆ ಎಂ. ಮೂರಕ್ಕೂ ಒಂದೊಂದು ಅಂಕಿ ಕೊಟ್ಟು, ಗೋಡೆಯ ಮೇಲಿನ ಕೋಷ್ಟಕದಲ್ಲಿ ಅಡ್ಡಕ್ಕೂ ಉದ್ದಕ್ಕೂ ಬೆರಳು ಸರಿಸಿದರೆ, ಕೂಡಿದ ಮನೆಯಲ್ಲಿ ಒಂದು ಹಂತ ಸಿಗುತ್ತದೆ: ಒಂದು, ಎರಡು, ಮೂರು, ನಾಲ್ಕು. ಓದಿದ ಪದವಿಗೂ ಈ ಕೆಲಸಕ್ಕೂ ಸಂಬಂಧವಿರಲಿಲ್ಲ. ಆದರೆ ಕಾಗದಗಳು ತಾವಾಗಿ ಮಾತಿಗೆಳೆಯುತ್ತಿರಲಿಲ್ಲ, ಮದುವೆ ಯಾವಾಗ ಎಂದು ಕೇಳುತ್ತಿರಲಿಲ್ಲ, ತಲೆ ತಗ್ಗಿಸಿ ಕೂತರೆ ಸಂಜೆಯಾಗಿಬಿಡುತ್ತಿತ್ತು. ಅದಕ್ಕಾಗಿಯೇ ಅವಳಿಗೆ ಈ ಕೆಲಸ ಇಷ್ಟವಾಗಿತ್ತು. ಇಷ್ಟವಾಗಿತ್ತು ಎನ್ನುವುದನ್ನೂ ಯಾರೆದುರೂ ಹೇಳುವಂತಿರಲಿಲ್ಲ.

ವಿಭಾಗದ ಮುಖ್ಯಸ್ಥೆಯನ್ನು ಬೆನ್ನ ಹಿಂದೆ ಎಲ್ಲರೂ ಕಾಲಂ ಮೇಡಂ ಎನ್ನುತ್ತಿದ್ದರು. ಕಾಲಂ ಮೇಡಂ ನಗುವುದಕ್ಕೂ ಒಂದು ಕಾಲಂ ಬೇಕು, ಅದು ಇನ್ನೂ ಅಚ್ಚಾಗಿ ಬಂದಿಲ್ಲ ಎನ್ನುವುದು ಅಲ್ಲಿನ ಹಳೆಯ ತಮಾಷೆ. ಸೇರಿದ ಎರಡನೇ ತಿಂಗಳಲ್ಲಿ ಅವಳು ಒಬ್ಬ ಬಣ್ಣ ಬಳಿಯುವವನ ಫೈಲು ತಿದ್ದಿದ್ದಳು. ಕರುಳಿನ ಕ್ಯಾನ್ಸರು, ಎರಡನೇ ಹಂತ ಎಂದು ಹಳೆಯ ನಮೂದು. ವರ್ಷದ ಮೇಲೆ ಬಂದ ಸ್ಕ್ಯಾನಿನಲ್ಲಿ ಈಲಿಯ, ಅಂದರೆ ಲಿವರಿನ, ತುಂಬ ಚುಕ್ಕೆಗಳು. ಅವಳು ಎರಡನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದಳು. ಬರೆದ ಮೇಲೆ ಆ ಕಾಣದ ಮನುಷ್ಯನ ವಯಸ್ಸೆಷ್ಟೆಂದು ಮೊದಲ ಪುಟಕ್ಕೆ ತಿರುಗಿ ನೋಡಿದ್ದಳು ಕೂಡ. ಮಾರನೆಯ ದಿನ ಆರು ಜನರ ಎದುರಿಗೆ ಕರೆ ಬಂತು.

“ಬಾಮ್ಮ ಪದವೀಧರೆ, ಇಲ್ಲಿ ಬಾ. ಇದೇನಿದು?”

“ಈಲಿಗೆ ಹೋಗಿದೆ ಮೇಡಂ. ಅದಕ್ಕೇ ನಾಲ್ಕು…”

“ಕಾಯಿಲೆ ಓಡಿದ ಕಡೆಗೆಲ್ಲ ನೀನೂ ಹಿಂದೆಹಿಂದೆ ಓಡ್ತೀಯಾ? ಹಂತ ಅಂದ್ರೆ ಏನು? ಸಿಕ್ಕಿಬಿದ್ದ ದಿನ ಅದು ಎಲ್ಲಿತ್ತು ಅನ್ನೋದು. ಆಮೇಲೆ ಅದು ಎಲ್ಲಿಗೆ ಬೇಕಾದ್ರೂ ಹೋಗ್ಲಿ, ಮೊದಲು ಬರೆದ ಹಂತ ಬದಲಾಗಲ್ಲ. ಸತ್ತ ಮೇಲೂ ಬದಲಾಗಲ್ಲ. ಮುಂದಿನದಕ್ಕೆ ಮುಂದಿನ ಕಾಲಂ ಇದೆ, ಅಲ್ಲಿ ಬರಿ. ದಿನಾ ತಿದ್ದುತ್ತಾ ಕೂತ್ರೆ ಹತ್ತು ವರ್ಷ ಆದ್ಮೇಲೆ ಎಲ್ಲರೂ ನಾಲ್ಕೇ ಆಗಿರ್ತಾರೆ, ಯಾರಿಗೆ ಯಾವ ಔಷಧಿ ನಾಟಿತು ಅಂತ ನಿಮ್ಮಜ್ಜ ಬಂದು ಹೇಳ್ತಾನಾ?”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ದಿನ ಅವಳು ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ವಾಪಸು ಒಯ್ದಳು. ನಿಯಮ ಸರಿಯಾಗಿತ್ತು, ಅದೇ ದೊಡ್ಡ ಅವಮಾನ. ಮೊದಲು ಬರೆದ ಹಂತ ಬದಲಾಗಲ್ಲ ಎಂದು ಡೈರಿಯಲ್ಲಿ ಬರೆದುಕೊಂಡು ಅಡಿಗೆರೆ ಎಳೆದಳು. ಇಂಥ ಬಿರುಸಾದ ಮಾತೂ ಒಂದು ದಿನ ತನಗೆ ಕೊಡೆಯಾಗಿ ಒದಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಅಮ್ಮನಿಗೆ ಬೆನ್ನುನೋವು ಬಂದಾಗ ಸ್ಕ್ಯಾನಿನ ವರದಿಯನ್ನು ಅವಳೇ ಹೋಗಿ ತಂದಿದ್ದಳು. ಒಳಗಿನವಳು ಎಂಬ ಸಲುಗೆ; ಅಮ್ಮ ಸಾಲಿನಲ್ಲಿ ನಿಲ್ಲುವುದು ಬೇಡ, ಡಾಕ್ಟರ ಕೋಣೆಯ ಮುಂದೆ ಕಾಯುವುದು ಬೇಡ, ಮಗಳು ಎಲ್ಲ ನೋಡಿಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ಸ್ತನದಲ್ಲಿ ಮೂರು ಪಾಯಿಂಟ್ ಎರಡು ಸೆಂಟಿಮೀಟರಿನ ಗೆಡ್ಡೆ, ಕಂಕುಳಲ್ಲಿ ತೆಗೆದ ಹದಿನಾಲ್ಕು ಗ್ರಂಥಿಗಳಲ್ಲಿ ಎರಡಕ್ಕೆ ಹತ್ತಿತ್ತು, ದೂರಕ್ಕೆ ಇಲ್ಲ. ಎರಡನೇ ಹಂತ. ಈಗ ಬೆನ್ನುಮೂಳೆಯ ಮಣಿಗಳಲ್ಲಿ ಮೂರು ಕಡೆ, ಈಲಿಯಲ್ಲಿ ಎರಡು ಕಡೆ. ಮೆಟ್ಟಿಲ ತಿರುವಿನಲ್ಲಿ ನಿಂತು ಓದಿ, ಕಾಗದವನ್ನು ಮಡಿಸಿ, ಮತ್ತೆ ಮಡಿಸಿ, ಚೀಲದ ತಳಕ್ಕೆ ತುರುಕಿದ್ದಳು. ಮನೆಯಲ್ಲಿ ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಬಟ್ಟೆ ಅಂಗಡಿಯ ಕತ್ತರಿಸುವ ಮೇಜಿನ ಹಿಂದೆ ಮೂವತ್ತೊಂದು ವರ್ಷ ನಿಂತ ಹೆಂಗಸು. ಟವೆಲನ್ನು ಮಡಚಿದರೂ ನಾಲ್ಕು ಮೂಲೆ ಒಂದರ ಮೇಲೊಂದು ಕೂರಬೇಕು.

“ಎಷ್ಟನೇ ಸ್ಟೇಜು ಅಂದ್ರು?”

“ಎರಡೇ ಅಮ್ಮ.”

“ಏರಿಲ್ಲ ತಾನೆ?”

“ಅದು ಏರಲ್ಲಮ್ಮ. ಮೊದಲು ಬರೆದಿದ್ದೇ ಕೊನೆವರೆಗೂ.”

“ಮತ್ತೆ ಈ ಹಾಳು ಬೆನ್ನು?”

“ಮೂವತ್ತೊಂದು ವರ್ಷ ನಿಂತೇ ಕೆಲಸ ಮಾಡಿದ್ದೀಯಲ್ಲ.”

ಆ ದಿನದ ಡೈರಿಯಲ್ಲಿ ಒಂದೇ ಸಾಲು ಇತ್ತು: ಇವತ್ತು ನಾನು ಹೇಳಿದ ಯಾವ ಮಾತೂ ಸುಳ್ಳಲ್ಲ. ಬರೆದ ಮೇಲೆ ಆ ಸಾಲನ್ನು ನೋಡಲಾರದೆ ಪುಟವನ್ನು ಅಂಟಿಸಿಬಿಡೋಣವೆನ್ನಿಸಿತ್ತು. ಅಮ್ಮ ಮಾತ್ರ ಆ ಎರಡನ್ನು ಬಹುಮಾನದ ಹಾಗೆ ಎತ್ತಿಕೊಂಡಳು. ಏರಲ್ಲವಂತೆ, ಮಗಳು ಅಲ್ಲೇ ಕೆಲಸ ಮಾಡೋದು, ಅವಳಿಗಿಂತ ಹೆಚ್ಚು ಯಾರಿಗೆ ಗೊತ್ತು ಎಂದು ಹಾಲಿನ ಅಂಗಡಿಯವರೆಗೂ ಸುದ್ದಿ ಮುಟ್ಟಿತು. ದೂರದ ಊರಿನ ಚಿಕ್ಕಮ್ಮ ಫೋನು ಮಾಡಿ, ‘ಬಾರಕ್ಕ, ನನ್ನ ಮಂಡಿ ಹೀಗಾಗದೆ ಇದ್ದಿದ್ರೆ ನಾನೇ ಬರ್ತಿದ್ದೆ, ಒಂದು ಹದಿನೈದು ದಿನ ಇದ್ದು ಹೋಗು’ ಎಂದು ವಾರಕ್ಕೊಮ್ಮೆ ಗೋಗರೆಯುತ್ತಿದ್ದಳು. ಅಮ್ಮನದು ಒಂದೇ ಹಟ: “ವಾಸಿಯಾಗಿ ಬರ್ತೀನಿ ಕಣೇ. ರೋಗಿ ಥರ ನಿನ್ನ ಮನೆ ಮೆಟ್ಟಿಲು ಹತ್ತಲ್ಲ. ಎರಡನೇ ಸ್ಟೇಜು ಅಷ್ಟೇ, ಇನ್ನೇನು ಮುಗೀತು.” ಪಕ್ಕದ ಕೋಣೆಯಲ್ಲಿ ಅವಳು ಕೇಳಿಸಿಕೊಳ್ಳುತ್ತಿದ್ದಳು. ಹದಿನೈದು ದಿನ, ಇನ್ನೊಂದು ಹದಿನೈದು ದಿನ, ಹೀಗೆ ಮೂರು ತಿಂಗಳು ತನ್ನ ಕಣ್ಣೆದುರೇ ಸೋರಿಹೋದವು. ಡಾಕ್ಟರು ಮಗಳ ಕೈಲಿ ಕೊಟ್ಟು ಕಳಿಸಿದ ಹೊಸ ಮಾತ್ರೆ ನುಂಗಿಕೊಂಡು ಅಮ್ಮ ಇನ್ನೂ ಓಡಾಡುತ್ತಿದ್ದ ಮೂರು ತಿಂಗಳು.

ಈ ದಿನ ಹನ್ನೊಂದು ಗಂಟೆಯ ಕಟ್ಟಿನಲ್ಲಿ ಅಮ್ಮನ ಫೈಲು ಬಂತು. ತಮ್ಮವರ ಫೈಲನ್ನು ತಾವು ಮುಟ್ಟಬಾರದು, ಬೇರೆಯವರಿಗೆ ದಾಟಿಸಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟು. ದಾಟಿಸಬೇಕಾದರೆ ಇದು ನಮ್ಮಮ್ಮ ಎಂದು ಬಾಯಿಬಿಟ್ಟು ಹೇಳಬೇಕು. ಅವಳು ಹೇಳಲಿಲ್ಲ. ಹೋದ ವಾರ ಮತ್ತೆ ಮಾಡಿಸಿದ್ದ ಸ್ಕ್ಯಾನಿನ ವರದಿ ಬಿಡಿಸಿದಳು: ಈಲಿಯಲ್ಲಿ ಎರಡಿದ್ದದ್ದು ಏಳು. ಮೂರು ತಿಂಗಳ ಮಾತ್ರೆ ಕೆಲಸ ಮಾಡಿರಲಿಲ್ಲ. ಹಂತದ ಮನೆಯಲ್ಲಿ ಹಳೆಯ ಎರಡು ಹಾಗೇ ಇತ್ತು, ಯಾವನೋ ಹಿಂದಿನ ಗುಮಾಸ್ತ ಬರೆದ ದುಂಡನೆಯ ಎರಡು. ಮುಂದಿನ ಕಾಲಮಿನಲ್ಲಿ ಅವಳು ‘ಹರಡಿದೆ: ಮೂಳೆ, ಈಲಿ, ಹೆಚ್ಚುತ್ತಿದೆ’ ಎಂದು ಬರೆದಳು. ಅಕ್ಷರಗಳು ಎಂದಿಗಿಂತ ಅಂದವಾಗಿ ಬಂದವು, ಅದೇ ಅವಳಿಗೆ ಹೇಸಿಗೆಯಾಯಿತು. ಅಷ್ಟರಲ್ಲಿ ಭುಜದ ಹಿಂದೆ ಔಷಧಿ ಸೋಪಿನ ವಾಸನೆ. ಕಾಲಂ ಮೇಡಂ ಬಗ್ಗಿ ನೋಡುತ್ತಿದ್ದರು.

“ಹ್ಞಾ, ಸರಿಯಾಗಿದೆ. ಎರಡನ್ನ ಮುಟ್ಟಿಲ್ಲ ನೋಡು. ಕಲ್ತಿದ್ದೀಯ.”

ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ಹೆಸರಿನ ಕಡೆ ಅವರು ನೋಡಿಯೇ ಇರಲಿಲ್ಲ. ಮೇಡಂ ಮುಂದಿನ ಮೇಜಿಗೆ ಸರಿದ ಮೇಲೆ ಅವಳಿಗೆ ಅರಿವಾಯಿತು: ತನ್ನ ಮುಖದ ಮೇಲೆ ಒಂದು ಸಣ್ಣ ನಗು ಇದೆ. ಸಂತೋಷದ್ದೇ ನಗು. ಅದನ್ನು ಒರೆಸಿಕೊಳ್ಳುವವಳ ಹಾಗೆ ಅಂಗೈಯಿಂದ ಬಾಯಿ ಉಜ್ಜಿಕೊಂಡಳು.

ಮಧ್ಯಾಹ್ನ ಅಮ್ಮನನ್ನು ನೋಡುವ ಡಾಕ್ಟರು ಕರೆಸಿದರು. ಅವರ ಕೋಣೆಯ ಮುಂದೆ ಸಾಲು ಮೆಟ್ಟಿಲವರೆಗೆ ಬೆಳೆದಿತ್ತು. ಅವಳ ಕೊರಳಿನ ಗುರುತಿನ ಚೀಟಿ ನೋಡಿ ಜನ ಸರಿದು ದಾರಿ ಬಿಟ್ಟರು, ಬಿಡುವಾಗ ಒಬ್ಬ ಮುದುಕಿ ‘ಇವರಿಗೇನು ಬಿಡಪ್ಪ, ಮನೆಯವರು’ ಎಂದಳು. ಡಾಕ್ಟರು ಕುಳಿತುಕೊಳ್ಳಿ ಎನ್ನಲೂ ಪುರುಸೊತ್ತಿಲ್ಲದೆ ಮಾತು ಶುರುಮಾಡಿದರು.

“ನೋಡಿದ್ದೀರಲ್ಲ ಸ್ಕ್ಯಾನು? ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಡ್ರಿಪ್ಪಿನಲ್ಲಿ ಕೊಡೋದು ಒಂದಿದೆ, ಆರು ಸುತ್ತು. ಹಿಡಿದಿಡೋಕೆ ಅಷ್ಟೇ, ಕೆಲವು ತಿಂಗಳು. ವಾಂತಿ, ಬಾಯಿಹುಣ್ಣು, ಸುಸ್ತು ಎಲ್ಲಾ ಇದ್ದಿದ್ದೇ. ಬೇಡ ಅಂದ್ರೂ ತಪ್ಪಿಲ್ಲ, ನೋವಿಗೆ ನೋಡಿಕೊಂಡು ನೆಮ್ಮದಿಯಾಗಿ ಇರ್ಬಹುದು. ಅದನ್ನ ಅವರೇ ತೀರ್ಮಾನ ಮಾಡ್ಬೇಕು. ಅವರಿಗೆಲ್ಲ ಗೊತ್ತು ತಾನೆ?”

“ಹ್ಞೂಂ ಸರ್.”

“ಗುಡ್. ಅವರನ್ನ ಇಲ್ಲಿತನಕ ಎಳ್ಕೊಂಡು ಬರೋದು ಬೇಡ. ಫಾರಂ ತಗೊಂಡ್ಹೋಗಿ, ಬೇಕು ಅಂದ್ರೆ ಸಹಿ ಮಾಡಿಸಿ ನಾಳೆ ಬೆಳಿಗ್ಗೆ ತನ್ನಿ. ನಿಮ್ಮಂಥವರು ಮನೇಲಿದ್ರೆ ನಮಗೂ ಎಷ್ಟು ಹಗುರ ನೋಡಿ.”

ಹ್ಞೂಂ ಎಂದದ್ದು ತಾನೇ. ಮೂರು ತಿಂಗಳಿಂದ ಕಾಪಾಡಿಕೊಂಡು ಬಂದಿದ್ದ ಆ ಒಂದು ಹೆಮ್ಮೆ, ಸುಳ್ಳಾಡಿಲ್ಲ ಎಂಬುದು, ಎಷ್ಟು ಸಲೀಸಾಗಿ ಬಿದ್ದುಹೋಯಿತು! ಕೆಳಗಿಳಿಯುವಾಗ ಆ ಮುದುಕಿ ಅವಳ ಕೈಯ ಫಾರಂ ನೋಡಿ, ಒಳ್ಳೆಯ ಸುದ್ದಿಯೇನಮ್ಮ ಎಂದು ಕೇಳಿದಳು. ಅದಕ್ಕೂ ಅವಳು ತಲೆಯಾಡಿಸಿದಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಡುಗೆಮನೆಯ ಮೇಜಿನ ಬಳಿ ಅಮ್ಮ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕಿತ್ತಳೆ ಸುಲಿಯುತ್ತಿದ್ದಳು. ಎದುರಿಗೆ ಮಹಡಿಯ ಮನೆಯಾಕೆ, ಬೀದಿ ಕೊನೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಅವಳಿಗೂ ಅದೇ ಕಾಯಿಲೆ. ಸಿಕ್ಕಿಬಿದ್ದ ದಿನವೇ ಸೊಂಟದ ಮೂಳೆಯಲ್ಲಿ ಒಂದು ಚುಕ್ಕೆ ಇದ್ದದ್ದರಿಂದ ನಾಲ್ಕನೇ ಹಂತ. ಅದಾಗಿ ನಾಲ್ಕು ವರ್ಷ. ಆ ಚುಕ್ಕೆ ಅಲ್ಲೇ ಮುದುಡಿಕೊಂಡಿತ್ತು, ಆಕೆ ಅಂಗಡಿ ತೆರೆಯುತ್ತಿದ್ದಳು, ಮೆಟ್ಟಿಲು ಹತ್ತುತ್ತಿದ್ದಳು. ಆಕೆಯನ್ನು ಕಂಡರೆ ಅಮ್ಮನಿಗೆ ಎಲ್ಲಿಲ್ಲದ ಕನಿಕರ. ಅಯ್ಯೋ ಪಾಪ, ನಾಲ್ಕು ಎನ್ನುತ್ತಿದ್ದಳು, ತಾನು ಗೋಡೆ ಹಿಡಿದು ಏಳುತ್ತ.

“ತಿನ್ನು, ತಿನ್ನು. ನಿನಗೆ ಶಕ್ತಿ ಬೇಕು,” ಎಂದು ಅಮ್ಮ ತೊಳೆ ಮುಂದಕ್ಕೆ ತಳ್ಳಿದಳು. “ಎರಡರಲ್ಲಿರೋ ನಾನೇ ಇಷ್ಟು ಗಟ್ಟಿಯಾಗಿ ಎಲ್ಲಾ ಔಷಧಿ ತಗೊಳ್ತೀನಿ. ನೀನು ನೋಡಿದ್ರೆ ಮಾತ್ರೆ ಸಾಕು ಅಂತ ಕೂತಿದ್ದೀಯ. ಧೈರ್ಯ ಬಿಡಬಾರದು ಕಣೇ.”

“ಬಿಡಲ್ಲಕ್ಕ. ನಾಲ್ಕನೇ ಕ್ಲಾಸಲ್ಲಿ ನಾಲ್ಕು ವರ್ಷದಿಂದ ಫೇಲಾಗ್ತಾ ಕೂತಿದ್ದೀನಿ. ಪಾಸೂ ಮಾಡಲ್ಲ, ಸ್ಕೂಲಿಂದ ಹೊರಗೂ ಹಾಕಲ್ಲ.”

“ಬಾಯಿಗೇನು ಕಮ್ಮಿಯಿಲ್ಲ ನಿನಗೆ. ಇವಳ್ನ ಕೇಳು ಬೇಕಾದ್ರೆ,” ಅಮ್ಮ ಮಗಳ ಕಡೆ ಗದ್ದ ಎತ್ತಿದಳು, “ದಿನಾ ಕಾಗದದಲ್ಲಿ ನೋಡ್ತಾಳೆ. ಎರಡಕ್ಕೂ ನಾಲ್ಕಕ್ಕೂ ಎಷ್ಟು ವ್ಯತ್ಯಾಸ ಅಂತ ಹೇಳೇ ಇವಳಿಗೆ.”

ಅವಳು ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಮಹಡಿಯಾಕೆ ಅವಳನ್ನೇ ನೋಡುತ್ತ ಒಂದು ತೊಳೆಯನ್ನು ಬಾಯಿಗೆ ಹಾಕಿಕೊಂಡು, ಬೀಜ ಉಗಿದು, ಬರ್ತೀನಕ್ಕ ಎಂದು ಎದ್ದಳು. ಬಾಗಿಲವರೆಗೆ ಕಳಿಸಲು ಹೋದವಳ ಮಣಿಕಟ್ಟು ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದಳು:

“ಬೆನ್ನಿಗೆ ಬಂದಿದೆ, ಅಲ್ವಾ?”

ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು.

“ಅಕ್ಕ ಏಳೋ ರೀತಿ ನೋಡಿದ್ರೆ ಗೊತ್ತಾಗುತ್ತೆ ಕಣೇ. ಯಾರಿಗೂ ಹೇಳಲ್ಲ ನಾನು. ಅವರ ಹತ್ರ ಪಾಪ ಅನ್ನಿಸ್ಕೊಳ್ಳೋದೂ ನನಗೇನು ಕಷ್ಟ ಅಲ್ಲ. ಆದ್ರೆ ನೀನು ಅಲ್ಲಿ ನಿಂತು ಸುಮ್ನೆ ಕೇಳಿಸ್ಕೊಳ್ತೀಯಲ್ಲ, ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ.”

ಆಕೆಯ ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲು ಏರಿ ಹೋಯಿತು, ಎಲ್ಲೂ ನಿಲ್ಲದೆ. ಕದದ ಹಿಡಿಯ ಮೇಲೆ ಕೈಯಿಟ್ಟು ನಿಂತ ಅವಳಿಗೆ ಸಿಟ್ಟು ಬಂತು, ಮಹಡಿಯಾಕೆಯ ಮೇಲೆ, ಡಾಕ್ಟರ ಪುರುಸೊತ್ತಿಲ್ಲದ ಬಾಯಿಯ ಮೇಲೆ, ಮೂವತ್ತೊಂದು ವರ್ಷ ಜಗತ್ತನ್ನೆಲ್ಲ ಅಳೆದು ಈಗ ಮಗಳು ಕೊಟ್ಟ ಅಳತೆಯನ್ನು ಅನುಮಾನಿಸದೆ ಒಪ್ಪಿಕೊಂಡ ಅಮ್ಮನ ಮೇಲೂ. ಒಂದು ಸಲ ಗದರಿಸಿ ಕೇಳಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನಲ್ಲ. ಯಾಕೆ ನಂಬಿದೆ? ಅಮ್ಮ ನಂಬಿದ್ದು ಅಮ್ಮನ ತಪ್ಪು ಎಂದು ಮನಸ್ಸು ವಾದ ಹೂಡುತ್ತಿದ್ದುದನ್ನು ತಾನೇ ದೂರ ನಿಂತು ನೋಡಿದಳು. ಅಮ್ಮನನ್ನು ಕಾಪಾಡಲೆಂದು ಸುಮ್ಮನಿದ್ದದ್ದೆಂದು ಇಷ್ಟು ದಿನ ತಿಳಿದಿದ್ದಳು. ಅಲ್ಲ. ಹೇಳುವ ಆ ಅರ್ಧ ನಿಮಿಷ ತನಗೆ ಬೇಡವಾಗಿತ್ತು. ಅಮ್ಮನ ಮುಖ ಬದಲಾಗುವಾಗ ಎದುರಿಗೆ ಇರುವುದು ಬೇಡವಾಗಿತ್ತು. ಅಷ್ಟಕ್ಕಾಗಿ ಮೂರು ತಿಂಗಳು.

“ಏನೇ ಅದು, ಬಾಗಿಲಿಗೆ ಕಾವಲು ನಿಂತಿದ್ದೀಯಾ? ಡಾಕ್ಟ್ರು ಏನಂದ್ರು?”

ಅವಳು ಬಂದು ಫಾರಂ ಮೇಜಿನ ಮೇಲಿಟ್ಟಳು. “ಹೊಸ ಔಷಧಿ. ಆರು ಸುತ್ತಂತೆ.”

“ಆರಾ? ಅಂದ್ರೆ ಐದು ತಿಂಗಳಾಯ್ತು. ಇರ್ಲಿ ಬಿಡು. ಮುಗಿಸಿಕೊಂಡು ಸೀದಾ ಚಿಕ್ಕಮ್ಮನ ಊರಿಗೆ. ನೀನೂ ರಜ ಹಾಕು.” ಅಮ್ಮ ಕಿತ್ತಳೆಯ ಕೈಯನ್ನು ಒರೆಸಿಕೊಂಡು ಕನ್ನಡಕ ಏರಿಸಿದಳು. “ಓದು. ಏನಿದೆ ಅಂತ ತಿಳ್ಕೊಳ್ದೆ ಸಹಿ ಹಾಕಲ್ಲ ನಾನು.”

ಅವಳು ಓದಿದಳು. ಔಷಧಿಯ ಹೆಸರು, ಎಷ್ಟು ದಿನಕ್ಕೊಮ್ಮೆ, ಏನೇನು ತೊಂದರೆ ಆಗಬಹುದು. ಆಸ್ಪತ್ರೆಯ ಕಾಗದ ಓದುವ ತನ್ನ ದನಿ ತನಗೇ ಕೇಳುತ್ತಿತ್ತು, ಏರಿಳಿತವಿಲ್ಲದ, ಒಳ್ಳೆಯ ನೌಕರಳ ದನಿ. ಅಮ್ಮನ ಬೆರಳು ಅವಳ ಮಾತಿನ ಜೊತೆಗೆ ಸಾಲುಗಳ ಕೆಳಗೆ ನಿಧಾನವಾಗಿ ಸರಿಯುತ್ತಿತ್ತು. ಕತ್ತರಿ ಹಿಡಿದು ಹಿಡಿದು ಚಪ್ಪಟೆಯಾಗಿದ್ದ ಹೆಬ್ಬೆರಳು ಕಾಗದದ ಅಂಚನ್ನು ಅದುಮಿಕೊಂಡಿತ್ತು. ಎಂಟನೆಯ ಸಾಲು ಮುಗಿಸಿ ಅವಳು ಹತ್ತನೆಯದಕ್ಕೆ ಹೋದಳು. ಬೆರಳು ನಿಂತಿತು.

“ಒಂದು ಸಾಲು ಹಾರಿಸ್ದೆ.”

“ಅದು… ಆಫೀಸಿನವರಿಗೆ ಅಮ್ಮ.”

“ಆಫೀಸಿನವರಿಗಾದ್ರೆ ನನ್ನ ಸಹಿ ಯಾಕೆ?” ಅಮ್ಮ ಕಾಗದವನ್ನು ಬೆಳಕಿಗೆ ತಿರುಗಿಸಿ, ಬಾಯೊಳಗೇ ಕೂಡಿಸಿಕೊಂಡು ಓದಿದಳು. “ಚಿಕಿತ್ಸೆಯ ಉದ್ದೇಶ. ಎರಡು ಚೌಕ ಇದೆ. ವಾಸಿಗಾಗಿ. ಅದರ ಕೆಳಗೆ… ವಾಸಿಯಾಗದ ರೋಗದಲ್ಲಿ ನೋವು ತಗ್ಗಿಸಲು.” ಅಮ್ಮ ಕಣ್ಣು ಕಿರಿದು ಮಾಡಿ ಹತ್ತಿರ ಹಿಡಿದಳು. ಆಮೇಲೆ ನಕ್ಕಳು, ಗಿರಾಕಿ ತಪ್ಪು ಅಳತೆ ಹೇಳಿದಾಗ ನಗುತ್ತಿದ್ದ ಹಾಗೆ. “ನೋಡಿದ್ಯಾ? ಗಡಿಬಿಡೀಲಿ ಕೆಳಗಿನದಕ್ಕೆ ಗುರುತು ಹಾಕ್ಬಿಟ್ಟಿದ್ದಾರೆ ನಿಮ್ಮ ದೊಡ್ಡ ಡಾಕ್ಟ್ರು. ಇದನ್ನ ಮೇಲಿನ ಮನೆಯವಳಿಗೆ ಹಾಕ್ಬೇಕಿತ್ತು. ದಿನಾ ಇಂಥ ತಪ್ಪನ್ನೇ ಅಲ್ವಾ ನೀನು ಅಲ್ಲಿ ಹಿಡಿಯೋದು? ತಗೋ, ತಿದ್ದು.”

ಅಮ್ಮ ಪೆನ್ನು ಅವಳ ಕೈಗೆ ಕೊಟ್ಟಳು. ಖಾಲಿ ಚೌಕ ಬಿಳಿಯಾಗಿತ್ತು. ಒಂದು ಗೆರೆ ಕೆಳಕ್ಕೆ, ಒಂದು ಗೆರೆ ಮೇಲಕ್ಕೆ, ಅಷ್ಟೇ ಕೆಲಸ. ಅಮ್ಮ ಸಂತೋಷವಾಗಿ ಸಹಿ ಮಾಡುತ್ತಾಳೆ, ಐದು ತಿಂಗಳು ಬಾಯಿಹುಣ್ಣಿನಲ್ಲಿ ನೀರು ಕುಡಿಯುತ್ತಾಳೆ, ಫೋನಿನಲ್ಲಿ ಇನ್ನೇನು ಮುಗೀತು ಕಣೇ ಎನ್ನುತ್ತಾಳೆ. ಅವಳು ತಲೆಯೆತ್ತಿ ಅಮ್ಮನನ್ನು ನೋಡಿದಳು. ಅಮ್ಮ ಕಾಯುತ್ತಿದ್ದಳು, ಕನ್ನಡಕ ಮೂಗಿನ ತುದಿಗೆ ಜಾರಿ, ತುಟಿಯ ಅಂಚಿನಲ್ಲಿ ಇನ್ನೂ ಆ ನಗು. ಅವಳು ಪೆನ್ನನ್ನು ಕಾಗದದ ಮೇಲಿಂದ ಎತ್ತಿ ಮೇಜಿನ ಮೇಲೆ ಅಡ್ಡ ಇಟ್ಟಳು.

“ತಪ್ಪಲ್ಲಮ್ಮ, ಸರಿಯಾದ ಕಡೆಗೇ ಹಾಕಿದ್ದಾರೆ,” ಎಂದಳು. “ನೀನು ವಾಸಿಯಾಗಲ್ಲ. ನನಗೆ ಮೂರು ತಿಂಗಳಿಂದ ಗೊತ್ತು.”